ಹೊರಗಿನ ಎಲೆ

ಹರಿಣಾಕ್ಷಿ ಬಾಳೆಲೆ ಒರೆಸುತ್ತಿದ್ದಳು. ಹಿಂದಿನ ಜಗಲಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಒದ್ದೆ ಬಟ್ಟೆಯಿಂದ ಒಂದೊಂದು ಎಲೆಯನ್ನೂ ದಂಟಿನಿಂದ ಕೊಡಿಯವರೆಗೆ ಒರೆಸಿ ಒಂದರ ಮೇಲೊಂದು ಇಡುತ್ತಿದ್ದಳು. ಒಳಗೆ ಸುಗುಣ ದೊಡ್ಡಮ್ಮ ಪುಂಡಿಗೆ ಅಕ್ಕಿಹಿಟ್ಟು ಉಂಡೆ ಕಟ್ಟುತ್ತಿದ್ದರು. ಬೆಳಗಿನಿಂದ ಅವರಿಬ್ಬರ ನಡುವೆ ಒಂದು ಮಾತೂ ನಡೆದಿರಲಿಲ್ಲ. ಈ ದಿನದ ಕೆಲಸಕ್ಕೆ ಮಾತು ಬೇಕಾಗಿಯೂ ಇರಲಿಲ್ಲ. ಕೋಳಿ ಸಾರಿನ ಪರಿಮಳ ಮಾಡಿನ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು.

ಎಂಟು ಎಲೆ ಆಯಿತು. ಒಂಬತ್ತನೆಯದನ್ನು ತೊಡೆಯ ಮೇಲೆ ಹರಡಿಕೊಂಡಾಗ ಅದರ ಮೇಲೆ ನೆರಳು ಬಿತ್ತು.

"ಎಷ್ಟು ಎಲೆ?" ಪುರಂದರ ಮಾವ ಕೇಳಿದರು.

"ಒಂಬತ್ತು."

"ಈ ಸರ್ತಿ ಎಂಟು ಸಾಕು."

ಅವಳ ಕೈ ನಿಂತಿತು. ದೀಪಾವಳಿಯ ಅಮಾವಾಸ್ಯೆಗೆ ನಡುಬೈಲು ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕುವುದು ಅವಳು ಹುಟ್ಟುವ ಮೊದಲಿನಿಂದ ನಡೆದುಬಂದದ್ದು. ಒಳಗೆ ಚಾವಡಿಯಲ್ಲಿ ಈಗ ಎಂಟು ಎಲೆ. ಅಂಗಳದ ಕೊನೆಯಲ್ಲಿ, ಮೆಟ್ಟುಕಲ್ಲಿನ ಕೆಳಗೆ, ಒಂದು. ಬಡಿಸಿದ ಮೇಲೆ ಚಾವಡಿಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಮೂರು ಸಲ ತಟ್ಟಿ ಬಾಗಿಲು ತೆರೆಯಬೇಕು. ಹೊರಗಿನ ಎಲೆಗೆ ಬಾಗಿಲೂ ಇಲ್ಲ, ತಟ್ಟುವವರೂ ಇಲ್ಲ.

"ಯಾಕೆ ಮಾವ?" ಅವಳ ಸ್ವರ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಯಾಕೆ ಅಂದ್ರೆ? ಆ ಫಾರಿನ್ ಮೇಡಮ್ ಇರ್ತಾರಲ್ಲ. ಎಲ್ಲ ಎಲೆ ಒಳಗೆ, ಇದೊಂದು ಯಾಕೆ ನಾಯಿಗೆ ಹಾಕಿದ ಹಾಗೆ ಹೊರಗೆ ಅಂತ ಕೇಳಿದ್ರೆ ಎಂತ ಹೇಳುದು? ಮರ್ಯಾದೆ ಉಂಟಾ ಅದು?" ಮಾವ ಹೆಗಲ ಬೈರಾಸು ಕೊಡವಿದರು. "ಮತ್ತೆ ಹನ್ನೆರಡು ಗಂಟೆಗೆ ಬಡಿಸಿ ಆಗ್ಬೇಕು. ಅವರಿಗೆ ಸಂಜೆ ಮಂಗಳೂರಿನಿಂದ ವಿಮಾನ. ಹೊಸಂಗಡಿಯಲ್ಲಿ ರೋಡ್ ಬ್ಲಾಕ್ ಇದ್ರೆ ಕಷ್ಟ."

ಸಂಜೆ ದೀಪ ಹಚ್ಚಿದ ಮೇಲೆ ಬಡಿಸುವುದನ್ನು ಮಧ್ಯಾಹ್ನಕ್ಕೆ ತಂದಿದ್ದರು. ಸತ್ತವರಿಗೂ ವಿಮಾನದ ಹೊತ್ತಿಗೆ ಹಸಿವಾಗಬೇಕು. ಮಾವ ಹೋದ ಮೇಲೆ ಹರಿಣಾಕ್ಷಿ ಒಂಬತ್ತನೆಯ ಎಲೆಯನ್ನು ಒರೆಸಿ ಮುಗಿಸಿ, ಕಡೆಯುವ ಕಲ್ಲಿನ ಹಿಂದೆ ಯಾರಿಗೂ ಕಾಣದ ಹಾಗೆ ನಿಲ್ಲಿಸಿದಳು. ದೊಡ್ಡಮ್ಮ ಅದನ್ನು ನೋಡಿದರು. ನೋಡಿ, ಒಲೆಯ ಸೌದೆ ಮುಂದೆ ಮಾಡಿದರು.

ನಡುಬೈಲಿನಲ್ಲಿ ವಂಶ ಇಳಿದು ಬರುವುದು ಹೆಣ್ಣಿನಿಂದ. ಮಾತು ಮಾತ್ರ ಗಂಡಿನದು. ಹರಿಣಾಕ್ಷಿಯ ತಾಯಿ ಅವಳಿಗೆ ನಾಲ್ಕು ವರ್ಷ ಆಗುವಾಗಲೇ ತೀರಿಹೋಗಿದ್ದರು. ತಾಯಿಯ ಅಣ್ಣನಾದ ಪುರಂದರ ಮಾವನೇ ಯಜಮಾನ. ಅವಳು ಒಂಬತ್ತನೇ ಕ್ಲಾಸಿನಲ್ಲಿರುವಾಗ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. "ಮನೆಯಲ್ಲಿ ಒಬ್ಬಳು ಬೇಕಲ್ಲ" ಎಂದರು ಮಾವ. ಮರುದಿನವೇ ಶಾಲೆಗೆ ಹೋಗಿ ಟಿ.ಸಿ. ತಂದರು. ದೊಡ್ಡಮ್ಮನ ಮಗ ತುಷಾರ್ ಅದೇ ವರ್ಷ ಕಾಲೇಜಿಗೆ ಸೇರಿದ. ಐದು ವರ್ಷ ಅವಳು ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸಿದಳು, ಒರೆಸಿದಳು, ಉಣಿಸಿದಳು. ಅಜ್ಜಿಯ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲವೆಂದು ಆಸ್ಪತ್ರೆಯ ನರ್ಸು ಹೇಳಿದ್ದು ಅವಳಿಗೆ ಸಿಕ್ಕ ಒಂದೇ ಸರ್ಟಿಫಿಕೇಟು.

ಅಜ್ಜಿ ಅವಳಿಗೆ ಹೊರಗಿನ ಎಲೆಯ ವಿಷಯ ಹೇಳಿದ್ದು ಆ ದಿನಗಳಲ್ಲಿ.

ಅಜ್ಜಿಯ ಅಜ್ಜಿಗೆ ಒಬ್ಬ ತಂಗಿ. ಹದಿನೆಂಟು ವರ್ಷ. ಚೊಚ್ಚಲ ಮಗು ಹದಿನೈದನೇ ದಿನಕ್ಕೆ ಹೋಯಿತು. ಎದೆಯಲ್ಲಿ ಹಾಲು ನಿಲ್ಲಲಿಲ್ಲ. ಆಗ ಕುಂಬಳೆಯ ಹತ್ತಿರ ರೈಲಿನ ಹಳಿ ಹಾಕುತ್ತಿದ್ದರು. ಬಂಗ್ಲೆಯಲ್ಲಿ ಬಿಳಿ ಇಂಜಿನಿಯರು, ಅವನ ಹೆಂಡತಿಗೆ ಜ್ವರ, ಕೂಸಿಗೆ ಹಾಲಿಲ್ಲ. ಹಳಿಯ ಅಡಿಗೆ ಹಾಕುವ ಮರ ಒದಗಿಸುವ ಗುತ್ತಿಗೆ ಆಗಿನ ಯಜಮಾನನಿಗೆ ಬೇಕಿತ್ತು. ಅವಳ ತಾಯಿಯ ಅಣ್ಣನೇ ಅವನು. ಅವನೇ ಅವಳನ್ನು ರಟ್ಟೆ ಹಿಡಿದು ಬಂಗ್ಲೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ಗುತ್ತಿಗೆ ಸಿಕ್ಕಿತು. ಆರು ತಿಂಗಳು ಕಳೆದು ಅವಳು ಮನೆಗೆ ಬಂದಾಗ ಅವನೇ ಮೆಟ್ಟುಕಲ್ಲಿನ ಮೇಲೆ ಅಡ್ಡ ನಿಂತ. ಬಿಳಿಯರ ಕೂಸಿಗೆ ಮೊಲೆ ಕೊಟ್ಟವಳು ಒಳಗೆ ಕಾಲಿಡಬಾರದು ಎಂದ. ಅಂಗಳದಲ್ಲೇ ಒಂದು ಎಲೆ ಹಾಕಿ ಬಡಿಸಿದರು. ಅವಳು ಉಣ್ಣಲಿಲ್ಲ. ಬಿಸಿಲು ಇಳಿಯುವವರೆಗೆ ಎಲೆಯ ಮುಂದೆ ನಿಂತಳು, ಮತ್ತೆ ಹೋದಳು. ಆ ಇಂಜಿನಿಯರು ಆಫ್ರಿಕಕ್ಕೆ ಹೋಗುವಾಗ ಅವಳನ್ನೂ ಹಡಗು ಹತ್ತಿಸಿದ.

"ಅನ್ನ ಕೊಟ್ರು ಮಗಾ, ಒಳಗೆ ಬಾ ಅಂತ ಹೇಳ್ಲಿಲ್ಲ," ಎಂದಿದ್ದರು ಅಜ್ಜಿ. ಮುಂದೆ ಮನೆಯಲ್ಲಿ ಕೂಸುಗಳು ಒಂದರ ಹಿಂದೆ ಒಂದು ಹೋದಾಗ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರಂತೆ. ಹಸಿದ ಹೆಣ್ಣೊಬ್ಬಳು ಅಂಗಳದಲ್ಲಿ ನಿಂತೇ ಇದ್ದಾಳೆ ಎಂದು ಕಂಡಿತಂತೆ. ಅಂದಿನಿಂದ ಅದೇ ಜಾಗದಲ್ಲಿ ಒಂದು ಎಲೆ. ಒಳಗೆ ಹಾಕಲು ಆಗಲೂ ಮನಸ್ಸು ಬರಲಿಲ್ಲ. ಅವಳ ಹೆಸರನ್ನು ಎಲೆ ಹಾಕುವ ಹೆಂಗಸು ಮಾತ್ರ, ಒಂದೇ ಸಲ, ತುಟಿಯೊಳಗೆ ಹೇಳಬೇಕು. ಗಂಡಸರು ಆ ಹೆಸರು ಕೇಳಿದವರಲ್ಲ, ಕೇಳಬೇಕೆಂದು ಅವರಿಗೆ ಅನಿಸಿದ್ದೂ ಇಲ್ಲ. ನಡುಬೈಲಿನಲ್ಲಿ ಅಜ್ಜಿಯರ ಹೆಸರು ಮೊಮ್ಮಕ್ಕಳಿಗೆ ಸುತ್ತಿ ಸುತ್ತಿ ಬರುತ್ತದೆ. ಆ ಒಂದು ಹೆಸರು ಮಾತ್ರ ಯಾವ ಕೂಸಿಗೂ ಬರಲಿಲ್ಲ.

"ನಾನು ಹೋದ ಮೇಲೆ ಎಲೆ ತಪ್ಪಿಸ್ಬೇಡ," ಎಂದು ಅಜ್ಜಿ ಅವಳ ಕೈ ಹಿಡಿದಿದ್ದರು. ಅಜ್ಜಿ ಹೋಗಿ ಮೂರು ವರ್ಷ. ಅವಳು ತಪ್ಪಿಸಿರಲಿಲ್ಲ.

ಹತ್ತೂವರೆಗೆ ಕಾರು ಬಂತು. ತುಷಾರ್ ಮುಂದಿನ ಸೀಟಿನಿಂದ ಇಳಿದು ಹಿಂದಿನ ಬಾಗಿಲು ತೆರೆದ. ಶಾರ್ಜಾದಿಂದ ರಜೆಯಲ್ಲಿ ಬಂದವನು, ಇಂಗ್ಲಿಷು ಚೆನ್ನಾಗಿ ಬರುವವನು ಅವನೊಬ್ಬನೇ. ಇಳಿದ ಹೆಂಗಸಿನ ಹೆಸರು ಜಿಲಿಯನ್. ಎಪ್ಪತ್ತು ದಾಟಿರಬಹುದು. ಗಿಡ್ಡ ಕತ್ತರಿಸಿದ ಬಿಳಿ ಕೂದಲು, ಕೆಂಪಾದ ಮೂಗು, ಎದೆಗೆ ಒತ್ತಿಕೊಂಡ ದಪ್ಪ ಫೈಲು. ದಕ್ಷಿಣ ಆಫ್ರಿಕದ ಡರ್ಬನ್ ಎಂಬ ಊರಿನವರಂತೆ. ತನ್ನ ಮನೆತನದ ಚರಿತ್ರೆ ಹುಡುಕುತ್ತ ಇಲ್ಲಿಯವರೆಗೆ ಬಂದಿದ್ದರು. ರೈಲಿನ ಇಂಜಿನಿಯರಾಗಿದ್ದ ಅವರ ಮುತ್ತಜ್ಜನ ಡೈರಿಯಲ್ಲಿ 'ಪುತ್ತಿಗೆ, ನಡುಬೈಲು' ಎಂದು ಇತ್ತಂತೆ. ವಿಲ್ಲೇಜ್ ಆಫೀಸಿನ ಪ್ರೇಮನಾಥ ಅದನ್ನು ಓದಿ ಮಾವನಿಗೆ ಫೋನು ಮಾಡಿದ್ದ. ಅಂದಿನಿಂದ ಮಾವ ದಿನಕ್ಕೆ ಎರಡು ಸಲ ಶೇವ್ ಮಾಡಿಕೊಳ್ಳುತ್ತಿದ್ದರು.

ಹರಿಣಾಕ್ಷಿ ಎಳನೀರು ತಂದಿಟ್ಟು ಕಂಬದ ಹಿಂದೆ ನಿಂತಳು. ನಿಂತು ನೋಡುವುದು ಅವಳ ಅಭ್ಯಾಸ.

ಜಿಲಿಯನ್ ಫೈಲು ಬಿಚ್ಚಿದರು. ಮಡಚಿದ ಒಂದು ಕಾಗದ ಬಿಚ್ಚುತ್ತಾ ಹೋದಂತೆ ಜಗಲಿಯ ಅರ್ಧ ಮುಚ್ಚಿತು. ಮರದ ಕೊಂಬೆಗಳ ಹಾಗೆ ಗೆರೆಗಳು, ಗೆರೆಯ ತುದಿಗೆಲ್ಲ ಹೆಸರುಗಳು. ತುಷಾರ್ ಹೇಳುತ್ತಾ ಹೋದ. ಇವರ ಹಿರಿಯರು ಇಂಗ್ಲೆಂಡಿನಿಂದ ಹಡಗಿನಲ್ಲಿ ಆಫ್ರಿಕದ ನಟಾಲಿಗೆ ಹೋದವರು. ಅಲ್ಲಿ ಕಬ್ಬು ಬೆಳೆಯಲು ಜಾಗ ಹಿಡಿದವರು. ಹಡಗಿನ ಪಟ್ಟಿ, ಇಗರ್ಜಿಯ ಪುಸ್ತಕ, ಗೋರಿಯ ಕಲ್ಲು ಎಲ್ಲ ನೋಡಿ ಹನ್ನೊಂದು ವರ್ಷದಲ್ಲಿ ಇಷ್ಟು ಬರೆದಿದ್ದಾರೆ. ಏಳು ತಲೆಮಾರು. ಹುಟ್ಟಿದ ದಿನದಲ್ಲೇ ಸತ್ತ ಕೂಸಿಗೂ ಒಂದು ಗೆರೆ ಉಂಟು.

"ಅಬ್ಬ, ಎಂತ ತಾಳ್ಮೆ!" ಎಂದರು ಮಾವ. "ನಮ್ಮಲ್ಲಿ ಯಾರು ಮಾಡ್ತಾರೆ ಇದನ್ನೆಲ್ಲ?"

ಜಾಗ ಹಿಡಿದದ್ದು ಯಾರಿಂದ ಎಂದು ಕೇಳಬೇಕೆಂದು ಹರಿಣಾಕ್ಷಿಗೆ ಅನಿಸಿತು. ಕಾಗದದಲ್ಲಿ ಅವರಿಗೂ ಗೆರೆ ಉಂಟೋ ಎಂದು ಕಂಬದ ಹಿಂದಿನಿಂದಲೇ ಕುತ್ತಿಗೆ ಉದ್ದ ಮಾಡಿ ನೋಡಿದಳು. ಇರಲಿಲ್ಲ.

ಆಮೇಲೆ ಒಂದು ಫೋಟೋ ಹೊರಗೆ ಬಂತು. ದೊಡ್ಡ ಜಗಲಿ, ಬೆತ್ತದ ಕುರ್ಚಿಗಳು, ಮೀಸೆಯ ಗಂಡಸರು, ಬಿಳಿ ಉಡುಪಿನ ಹೆಂಗಸರು. ತುದಿಯಲ್ಲಿ, ಅರ್ಧ ನೆರಳಿನಲ್ಲಿ, ಸೀರೆ ಉಟ್ಟ ಹುಡುಗಿ ಒಬ್ಬಳು. ಸೊಂಟದ ಮೇಲೆ ದಪ್ಪ ಬಿಳಿ ಕೂಸು. ಜಿಲಿಯನ್ ಅವಳ ಮೇಲೆ ಬೆರಳಿಟ್ಟರು. ಕೂಸು ತನ್ನ ಅಜ್ಜ ಎಂದರಂತೆ. ಅಜ್ಜ ಸಾಯುವ ಮೊದಲು ಕರೆದದ್ದು ಇವಳನ್ನಂತೆ, ತನ್ನ ತಾಯಿಯನ್ನಲ್ಲ. ಹೇಳುವಾಗ ಜಿಲಿಯನ್ ಕಣ್ಣು ಒರೆಸಿಕೊಂಡರು. ಮಾವನೂ ಬೈರಾಸಿನಿಂದ ಒರೆಸಿಕೊಂಡರು.

ಫೋಟೋ ಕೈಯಿಂದ ಕೈಗೆ ಹೋಗಿ ಕೊನೆಗೆ ಹರಿಣಾಕ್ಷಿಯ ಕೈಗೆ ಬಂತು. ಅವಳು ಆ ಹುಡುಗಿಯ ಮುಖ ನೋಡಿದಳು. ಹಣೆ ದೊಡ್ಡಮ್ಮನದ್ದೇ. ಫೋಟೋ ತಿರುಗಿಸಿದಳು. ಹಿಂದೆ ಶಾಯಿಯಲ್ಲಿ ಸಾಲು ಸಾಲು ಹೆಸರು. ಒಂಬತ್ತನೇ ಕ್ಲಾಸಿನ ಇಂಗ್ಲಿಷು ಅಷ್ಟು ಓದಲು ಸಾಕಿತ್ತು. ವಿಲಿಯಮ್, ಎಡಿತ್, ಹೆರಾಲ್ಡ್. ಎರಡು ಕಾಲಿನ ನಡುವೆ ಮಲಗಿದ ನಾಯಿಗೆ ಪ್ರಿನ್ಸ್. ಕೊನೆಯಲ್ಲಿ 'ಆಯಾ'.

ನಾಯಿಗೆ ಹೆಸರು ಇತ್ತು.

ಅವಳು ಫೋಟೋವನ್ನು ಚಾಪೆಯ ಮೇಲೆ ಇಟ್ಟಳು. ಇನ್ನೊಂದು ಫೋಟೋ ಅಲ್ಲೇ ಇತ್ತು, ಇತ್ತೀಚಿನದು, ಬಣ್ಣದ್ದು. ಹುಲ್ಲಿನ ನಡುವೆ ಬಿರುಕು ಬಿಟ್ಟ ಸಣ್ಣ ಕಲ್ಲು. ಅದರಲ್ಲೂ ಅದೇ ಒಂದು ಪದ, ಅದರ ಕೆಳಗೆ ಒಂದು ಸಾಲು.

"ನಮ್ಮ ಮನೆಯ ನಂಬಿಗಸ್ತ ಸೇವಕಿ ಅಂತ ಬರೆದಿದೆ," ಎಂದ ತುಷಾರ್. "ನಲವತ್ತು ವರ್ಷ ಅವರ ಮನೆಯಲ್ಲೇ ಇದ್ರಂತೆ. ಆ ಕಲ್ಲು ಒಡೆದಿದೆ. ಹೊಸ ಕಲ್ಲು ಹಾಕಿಸ್ತಾರಂತೆ. ಆಯಾ ಅಂತ ಹಾಕ್ಲಿಕ್ಕೆ ಇವರಿಗೆ ಮನಸ್ಸಿಲ್ಲ. ಹೆಸರು ಕೇಳ್ಲಿಕ್ಕೆ ಅಂತಲೇ ಬಂದದ್ದು. ಅವಳು ನಮ್ಮ ಕುಟುಂಬದವಳೇ ಆಗಿದ್ದಳು ಅಂತ ಹೇಳ್ತಾರೆ."

ಕುಟುಂಬದವಳಂತೆ. ನಲವತ್ತು ವರ್ಷ ಒಂದೇ ಮಾಡಿನ ಅಡಿಯಲ್ಲಿ ಇದ್ದವಳ ಹೆಸರೇನೆಂದು ಕೇಳದ ಕುಟುಂಬ. ಆದರೂ ಈ ಹೆಂಗಸು ಹೆಸರು ಕೇಳಲೆಂದೇ ಬಂದಿದ್ದಾರೆ. ಹರಿಣಾಕ್ಷಿಯ ನಾಲಿಗೆಯ ತುದಿಗೆ ಆ ಹೆಸರು ಬಂತು. ಹೊರಗಿನವರ ಎದುರು ಅವಳು ಬಾಯಿ ಬಿಟ್ಟವಳೇ ಅಲ್ಲ. ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ಲಕ್ಷ್ಮಿ ಅಮ್ಮ ಅಂತ ಹೇಳು."

ತುಷಾರ್ ಮಾವನ ಮುಖ ನೋಡಿದ. "ಹೌದಾ ಮಾವ? ಮೊನ್ನೆ ಗೊತ್ತಿಲ್ಲ ಅಂದ್ರಲ್ಲ ನೀವು?"

"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ, ಅಷ್ಟು ದೂರದಿಂದ ಬಂದವರ ಹತ್ರ? ಲಕ್ಷ್ಮಿ ಒಳ್ಳೆ ಹೆಸರು. ಕೆತ್ತಲಿಕ್ಕೂ ಸಸಾರ." ಮಾವ ಜಿಲಿಯನ್ ಕಡೆ ತಿರುಗಿ ನಕ್ಕರು. ಜಿಲಿಯನ್ ಕೂಡ ನಕ್ಕರು. "ಮತ್ತೆ ಹೇಳು, ಮನೆಯವರೇ ಬೆಳ್ಳಿಯ ಕರಡಿಗೆ ಕೊಟ್ಟು, ಹರಸಿ ಕಳಿಸಿದ್ದು ಅಂತ."

ತುಷಾರ್ ಹೇಳಿದ. ಜಿಲಿಯನ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಪುಸ್ತಕ ತೆಗೆದು, ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು. ಬರೆದದ್ದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಆಗಲೇ ಎಲ್ಲಿಗೋ ಕಳಿಸಿದರು. ಕಲ್ಲು ಕೆತ್ತುವವನಿಗಂತೆ.

ಹರಿಣಾಕ್ಷಿ ಎಳನೀರಿನ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದಳು.

"ದೊಡ್ಡಮ್ಮ, ಮಾವ ಹೆಸರು ಸುಳ್ಳು ಹೇಳಿದ್ರು."

"ಕೇಳಿತು."

"ನಿಮಗೆ ಸರಿಯಾದ್ದು ಗೊತ್ತುಂಟಲ್ಲ. ಅಜ್ಜಿ ಮಲಗಿದಲ್ಲೇ ಇದ್ದಾಗ ನೀವೇ ಎಲೆ ಹಾಕಿದ್ದು."

"ಗೊತ್ತುಂಟು." ದೊಡ್ಡಮ್ಮ ಸೌಟಿನಿಂದ ಸಾರಿನ ಉಪ್ಪು ನೋಡಿದರು. "ಯಾವ ಹೆಸರಾದ್ರೆ ಎಂತ ಮಗಾ? ಎಲ್ಲಿಯದೋ ಊರಿನ ಕಲ್ಲು. ಓದ್ಲಿಕ್ಕೆ ನಾವು ಹೋಗ್ತೇವಾ? ಮುಸುಡು ಹಾಗೆ ಮಾಡ್ಬೇಡ, ಬಡಿಸ್ಲಿಕ್ಕೆ ಹೊತ್ತಾಯ್ತು."

ಚಾವಡಿಯಲ್ಲಿ ಎಂಟು ಎಲೆ ಹಾಕಿದರು. ಪುಂಡಿ, ಕೋಳಿ ಸಾರು, ಒಣಮೀನಿನ ಚಟ್ನಿ, ಬದಿಯಲ್ಲಿ ವೀಳ್ಯ. ಜಿಲಿಯನ್ ಚಪ್ಪಲಿ ಕಳಚಿ ಹೊಸ್ತಿಲಿನ ಹೊರಗೆ ಕೈಮುಗಿದು ನಿಂತಿದ್ದರು. ಏನೋ ಕೇಳಿದರು.

"ಇದರಲ್ಲಿ ಆಯಾನ ಎಲೆ ಯಾವುದು ಅಂತ," ಎಂದ ತುಷಾರ್.

ಮಾವ ಒಂದು ಕ್ಷಣ ಸಾಲನ್ನು ನೋಡಿದರು. ಆಮೇಲೆ ಬಲಗೈ ಚಾಚಿ ತುದಿಯ ಎಲೆ ತೋರಿಸಿದರು. "ಇದು."

ಅದು ಅಜ್ಜಿಯ ಎಲೆ. ಅಜ್ಜಿಗೆ ಹಲ್ಲಿಲ್ಲವೆಂದು ಹರಿಣಾಕ್ಷಿ ಅದರಲ್ಲಿ ಪುಂಡಿಯನ್ನು ಮುರಿದು ಸಾರಿನಲ್ಲಿ ನೆನೆಸಿ ಇಟ್ಟಿದ್ದಳು. ಜಿಲಿಯನ್ ಬಗ್ಗಿ ಅದರ ಫೋಟೋ ತೆಗೆದುಕೊಂಡರು.

ಬಾಗಿಲು ಮುಚ್ಚಿತು. ಎಲ್ಲರೂ ಜಗಲಿಯಲ್ಲಿ ಕೂತರು. ಮಾವ ಕುರ್ಚಿಯಲ್ಲಿ, ಪಕ್ಕದ ಕುರ್ಚಿಯಲ್ಲಿ ಜಿಲಿಯನ್, ಮೆಟ್ಟಿಲಿನಲ್ಲಿ ತುಷಾರ್. ದೊಡ್ಡಮ್ಮ ಬಾಗಿಲಿನ ಪಕ್ಕ ಗೋಡೆಗೆ ಒರಗಿದರು. ಈ ಹೊತ್ತಿನಲ್ಲಿ ಮಾತಾಡಬಾರದು ಎಂದು ತುಷಾರ್ ಮೊದಲೇ ಹೇಳಿದ್ದನೋ ಏನೋ, ಜಿಲಿಯನ್ ಕಣ್ಣು ಮುಚ್ಚಿಕೊಂಡಿದ್ದರು. ಅಂಗಳದ ಬಿಸಿಲಿನಲ್ಲಿ ಮೆಟ್ಟುಕಲ್ಲಿನ ಕೆಳಗಿನ ಜಾಗ ಖಾಲಿ ಇತ್ತು.

ಹರಿಣಾಕ್ಷಿ ಹಿಂದಿನಿಂದ ಎದ್ದು ಹೋದಳು. ಕಡೆಯುವ ಕಲ್ಲಿನ ಮರೆಯಿಂದ ಎಲೆ ತೆಗೆದಳು. ಬಡಿಸಿದಳು. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮನೆ ಸುತ್ತಿ ಅಂಗಳಕ್ಕೆ ಬಂದಳು.

"ಹರಿಣಾ," ಎಂದರು ಮಾವ. ಮೆಲ್ಲಗೆ, ಹಲ್ಲಿನ ನಡುವಿನಿಂದ.

ಅವಳು ನಿಲ್ಲಲಿಲ್ಲ. ಮೆಟ್ಟುಕಲ್ಲಿನ ಕೆಳಗೆ ಎಲೆ ಇಟ್ಟು ಸುತ್ತ ನೀರು ಬಿಟ್ಟಳು. ಜಿಲಿಯನ್ ಕಣ್ಣು ತೆರೆದು ಏನೋ ಕೇಳಿದರು.

"ಕಾಗೆಗೆ ಅಂತ ಹೇಳು," ಎಂದರು ಮಾವ.

ತುಷಾರ್ ಹೇಳಿದ. ಜಿಲಿಯನ್ ತಲೆಯಾಡಿಸಿ, ಮೊಬೈಲು ಎತ್ತಿ, ಅದರದ್ದೂ ಒಂದು ಫೋಟೋ ಹೊಡೆದರು.

ಹರಿಣಾಕ್ಷಿಗೆ ಅಷ್ಟರವರೆಗೆ ತಾನು ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಎಂದಿನ ಹಾಗೆ ಎಲೆಯ ಮುಂದೆ ಬಗ್ಗಿದ್ದಳು, ತುಟಿಯೊಳಗೆ ಒಂದು ಸಲ ಹೇಳಿ ಏಳಬೇಕೆಂದು. ತುಟಿ ತೆರೆಯಿತು. ನೂರು ವರ್ಷಕ್ಕಿಂತ ಹೆಚ್ಚು ಕಾಲ ಈ ಅಂಗಳದಲ್ಲಿ ಯಾರೂ ಗಟ್ಟಿಯಾಗಿ ಹೇಳದ ಹೆಸರು ಗಟ್ಟಿಯಾಗಿಯೇ ಹೊರಗೆ ಬಂತು.

"ದೂಮಕ್ಕ."

ದೊಡ್ಡಮ್ಮ ಗೋಡೆಯಿಂದ ಬೆನ್ನು ತೆಗೆದರು.

"ಯಾರದು?" ಎಂದರು ಮಾವ. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಅಂಗಳದ ಆಚೆ, ದಾರಿಯ ಕಡೆ ನೋಡಿದರು, ಯಾರೋ ಬಂದಿದ್ದಾರೆಂದು.

"ಇವಳು," ಎಂದಳು ಹರಿಣಾಕ್ಷಿ. "ನೀವು ಲಕ್ಷ್ಮಿ ಅಂತ ಕಲ್ಲಿಗೆ ಕೊಟ್ಟದ್ದು ಇವಳನ್ನು. ಹರಸಿ ಕಳಿಸಿದ್ದಲ್ಲ. ಹಾಲಿಗೆ ಅಂತ ಕಳಿಸಿದ್ದು, ಮತ್ತೆ ಇಲ್ಲಿ ನಿಲ್ಲಿಸಿದ್ದು. ಈ ಕಲ್ಲಿನ ಹತ್ರ."

"ಒಳಗೆ ಹೋಗು ನೀನು. ಅಧಿಕಪ್ರಸಂಗ ಬೇಡ."

"ಅವರ ಮನೆಯಲ್ಲಿ ಆಯಾ. ನಮ್ಮ ಮನೆಯಲ್ಲಿ ಕಾಗೆ." ಅವಳು ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದಳು. "ಅಜ್ಜಿಯ ಎಲೆಯನ್ನೂ ಕೊಟ್ಟುಬಿಟ್ರಿ ನೀವು, ಕೇಳಿದ ಕೂಡಲೇ. ಯಾರದ್ದು ಅಂತ ನೋಡ್ಲೂ ಇಲ್ಲ."

"ಹರಿಣಾ, ಸಾಕು ಮಾರಾಯ್ತಿ," ಎಂದ ತುಷಾರ್ ತಗ್ಗಿದ ಸ್ವರದಲ್ಲಿ. ಬಾಯಿಯಲ್ಲಿ ಇನ್ನೂ ಮೇಡಮ್‌ಗಾಗಿ ಇಟ್ಟ ನಗು ಇತ್ತು. "ಒಂದು ಹೆಸರು ಹೇಳಿ ಆಯ್ತಲ್ಲ. ಅವರು ಕಳಿಸಿಯೂ ಆಯ್ತು. ಈಗ ಬದಲಿಸಿದ್ರೆ ನಗೆಗೇಡು. ಅವರು ಹೋದ ಮೇಲೆ ಮಾತಾಡುವ."

ಜಿಲಿಯನ್ ಕುರ್ಚಿಯಿಂದ ಅರ್ಧ ಎದ್ದು ಅವನ ಭುಜ ಮುಟ್ಟಿ ಕೇಳಿದರು. ಅವನು ಎರಡೇ ಮಾತಿನಲ್ಲಿ ಏನೋ ಹೇಳಿದ. ಏನು ಹೇಳಿದನೋ, ಜಿಲಿಯನ್ ಮುಖ ಮೆತ್ತಗಾಯಿತು. ಅಂಗಳಕ್ಕೆ ಇಳಿದು ಬಂದು, ಹರಿಣಾಕ್ಷಿಯ ಕೆನ್ನೆಯ ಮೇಲೆ ಅಂಗೈ ಇಟ್ಟು, ಥ್ಯಾಂಕ್ಯೂ ಎಂದರು. ಅಂಗೈ ಮೆತ್ತಗಿತ್ತು. ಅದಕ್ಕೆ ಯಾವುದೋ ಕ್ರೀಮಿನ ವಾಸನೆ.

ಹರಿಣಾಕ್ಷಿ ಕೆನ್ನೆ ಹಿಂದಕ್ಕೆ ತೆಗೆದಳು. ಬಗ್ಗಿ ಎಲೆ ಎತ್ತಿಕೊಂಡಳು. ಸಾರು ಅಂಚಿಗೆ ಹರಿದು ಅವಳ ಮಣಿಕಟ್ಟಿನಿಂದ ಇಳಿಯಿತು. ಮೆಟ್ಟುಕಲ್ಲು ಹತ್ತಿದಳು. ಜಗಲಿ ಹತ್ತಿದಳು. ಮಾವ ಕುರ್ಚಿಯಿಂದ ಎದ್ದು ಬಾಗಿಲಿಗೆ ಅಡ್ಡ ಬಂದರು. ಅವಳು ನಿಂತಳು. ಮಾವನ ಕಣ್ಣಿಗೆ ಕಣ್ಣು ಕೊಟ್ಟು ಅವಳು ನೋಡಿದ್ದು ಅದೇ ಮೊದಲು. ಬಿಳಿ ಹೆಂಗಸು ನೋಡುತ್ತಿದ್ದಾಳೆಂದು ಮಾವನಿಗೆ ನೆನಪಾಗಿರಬೇಕು. ಒಂದು ಹೆಜ್ಜೆ ಬದಿಗೆ ಸರಿದರು.

ಕೈಯಲ್ಲಿ ಎಲೆ ಇತ್ತು. ಅವಳು ಪಾದದಿಂದಲೇ ಮೂರು ಸಲ ಬಾಗಿಲು ತಟ್ಟಿ ತಳ್ಳಿದಳು. ಹಿರಿಯರು ಉಂಡು ಎದ್ದಿರಲಾರರು, ಅಷ್ಟು ಹೊತ್ತು ಆಗಿರಲಿಲ್ಲ. ಎಂಟು ಎಲೆಯೂ ಹಬೆಯಾಡುತ್ತಿದ್ದವು. ಅಜ್ಜಿಯ ಎಲೆಯ ಪಕ್ಕದಲ್ಲಿ ಒಂಬತ್ತನೆಯದನ್ನು ಇಟ್ಟಳು. ಜಾಗ ಸಾಕಾಗದೆ ಎರಡರ ಅಂಚು ಒಂದರ ಮೇಲೊಂದು ಬಂತು. ಅವಳು ಸರಿಪಡಿಸಲಿಲ್ಲ.

ಹೊಸ್ತಿಲಿಗೆ ಬಂದು ನಿಂತಾಗ ಎಲ್ಲರೂ ಇದ್ದಲ್ಲೇ ಇದ್ದರು.

"ದೊಡ್ಡಮ್ಮ, ನೀವು ಹೇಳಿ. ಹೌದೋ ಅಲ್ಲವೋ?"

ದೊಡ್ಡಮ್ಮನ ಬೆರಳ ಸಂದಿಯಲ್ಲಿ ಪುಂಡಿಯ ಹಿಟ್ಟು ಒಣಗಿತ್ತು. ಅವರು ಅದನ್ನು ಉಗುರಿನಿಂದ ಕೆರೆಯತೊಡಗಿದರು. ಮಾವ ಬೈರಾಸನ್ನು ಬಿಚ್ಚಿ ಮತ್ತೆ ಮಡಚಿದರು. ಜಿಲಿಯನ್ ಅಂಗಳದಿಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಅವರ ಪುಸ್ತಕ ಮತ್ತೆ ತೆರೆದಿತ್ತು, ಪೆನ್ನು ಕೈಯಲ್ಲಿತ್ತು.

"ತುಷಾರಣ್ಣ," ಎಂದಳು ಹರಿಣಾಕ್ಷಿ, "ಅವಳ ಹೆಸರು ದೂಮಕ್ಕ ಅಂತ ಅವರಿಗೆ ಹೇಳು."

ತುಷಾರ್ ಮೊಬೈಲು ನೋಡುತ್ತಿದ್ದ. ಒಳಗೆ, ಒಂಬತ್ತು ಎಲೆಯ ಮೇಲೆ, ಹಬೆ ತೆಳ್ಳಗಾಗುತ್ತಿತ್ತು.